ಉಬಾಲ್ದೊನ ಕೈ

ನಮ್ಮ ಕೊಲೆ ಸಿನಿಮಾಗಳಲ್ಲಿ ಕೊಲೆಗಾರ ಯಾರೆಂದು ಚಿತ್ರೀಕರಣ ಮುಗಿಯುವವರೆಗೂ ನಮಗೇ ಗೊತ್ತಿರುತ್ತಿರಲಿಲ್ಲ. ಒಮ್ಮೆ ಡಾಕ್ಟರು, ಒಮ್ಮೆ ಪಾದ್ರಿಯ ತಂಗಿ. ಚಾಕು ಹಿಡಿದ ಕೈ ಮಾತ್ರ ಯಾವಾಗಲೂ ಉಬಾಲ್ದೊ ತ್ರಿಂಕಾನದು.

ರೋಮಿನ ತಿಬುರ್ತಿನಾ ರಸ್ತೆಯ ಸ್ಟುಡಿಯೋದಲ್ಲಿ ಅವನು ಸೆಟ್ ಕಟ್ಟುವ ಬಡಗಿ, ನಾನು ಮೇಕಪ್ಪಿನವನು. ಎಪ್ಪತ್ತೊಂದರಲ್ಲಿ ನಿರ್ದೇಶಕ ಗ್ವಾಲ್ತಿಯೇರೊ ಒಂದೇ ಜೊತೆ ಕಪ್ಪು ಚರ್ಮದ ಕೈಗವಸು ತಂದ. ನಟರ್ಯಾರ ಕೈಗೂ ಅದು ಸರಿಹೊಂದಲಿಲ್ಲ. ಏಣಿಯ ಮೇಲೆ ಮೊಳೆ ಹೊಡೆಯುತ್ತಿದ್ದ ಉಬಾಲ್ದೊನನ್ನು ಇಳಿಸಿ ತೊಡಿಸಿದರೆ ಸರಿಯಾಗಿ ಕೂತಿತು. ಊಟದ ಹೊತ್ತಿಗೆ ಅವನು ಇಬ್ಬರನ್ನು ಕೊಂದು ಮತ್ತೆ ಏಣಿ ಹತ್ತಿದ.

ಅವನು ಎಡಗೈಯವನು. ಆ ಸಿನಿಮಾದ ಕೊಲೆಗಾತಿ ಜಮೀನ್ದಾರಿಣಿ ಎಂದು ಕೊನೆಗೆ ತೀರ್ಮಾನವಾದಾಗ, ಅವಳು ಬಲಗೈಯಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಾನು ಹೇಳಿ ನೋಡಿದೆ. ಚಾಕು ಹೊಳೆಯುವಾಗ ಕೈ ಯಾರು ನೋಡುತ್ತಾರೆ ಎಂದ ಗ್ವಾಲ್ತಿಯೇರೊ.

ಉಬಾಲ್ದೊನ ಹೆಂಡತಿ ನೆರೀನಾಗೆ ಇದೊಂದೂ ಗೊತ್ತಿರಲಿಲ್ಲ. ತಾನು ಮಾಡಿದ ಬಾಗಿಲುಗಳನ್ನು ತೋರಿಸುತ್ತೇನೆಂದು ಒಂದು ಭಾನುವಾರ ಮಧ್ಯಾಹ್ನ ಅವಳನ್ನು ಬಡಾವಣೆಯ ಥಿಯೇಟರಿಗೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಮೊದಲ ಕೊಲೆಯಾಯಿತು.

"ಇದು ನೀನೇ," ಎಂದಳು ನೆರೀನಾ, ಎಲ್ಲರಿಗೂ ಕೇಳುವ ಹಾಗೆ.

"ಸುಮ್ನಿರೇ. ಯಾರು ಅಂತ ಕೊನೇಲಿ ಹೇಳ್ತಾರೆ."

"ಅಲ್ಲೀವರೆಗೂ ಯಾಕೆ ಕಾಯ್ಬೇಕು? ಹದಿನೆಂಟು ವರ್ಷದಿಂದ ನೀನು ಬ್ರೆಡ್ ಕೊಯ್ಯೋದು ನೋಡ್ತಿದೀನಿ. ಹಂಗೆ ಕಿರುಬೆರಳು ಎತ್ಕೊಂಡು ಚಾಕು ಹಿಡಿಯೋನು ಇನ್ಯಾರಿದಾನೆ?"

ಮುಂದಿನ ಸಾಲಿನವರೆಲ್ಲ ತಿರುಗಿ ಅವನನ್ನು ನೋಡಿದರು. ಕೊನೆಗೆ ಪೊಲೀಸರು ಜಮೀನ್ದಾರಿಣಿಗೆ ಬೇಡಿ ಹಾಕಿದಾಗ ಹಿಂದಿನಿಂದ ಒಬ್ಬ, "ಆಯಮ್ಮನ್ನ ಬಿಟ್ಬಿಡ್ರಪ್ಪಾ, ಕೊಲೆಗಾರ ಇಲ್ಲೇ ಕೂತಿದಾನೆ," ಎಂದ.

ಗುಟ್ಟು ಬಯಲಾಯಿತೆಂದು ಬೇಸರವಾಗುವುದಿರಲಿ, ತೆರೆಯ ಮೇಲಿನ ಆ ಕಿರುಬೆರಳನ್ನು ತೋರಿಸಲು ಜನ ನೆಂಟರನ್ನೂ ಕರೆತಂದರು. ನಮ್ಮ ಕಂಪನಿಯ ಸಿನಿಮಾ ಅಲ್ಲಿ ಎರಡನೇ ವಾರ ಓಡಿದ್ದು ಅದೇ ಮೊದಲು. ಗ್ವಾಲ್ತಿಯೇರೊ ಆಮೇಲೆ ಬೆರಳು ಮಡಚಿಸಿ ನೋಡಿದ. ಚಾಕು ಜಾರಿ ಬಿತ್ತು. ಹಾಗೇ ಬಿಟ್ಟ.

ಹತ್ತನೇ ಸಿನಿಮಾದ ಹೊತ್ತಿಗೆ ಉಬಾಲ್ದೊ ಒಮ್ಮೆ ತನ್ನ ಮುಖವನ್ನೂ ತೋರಿಸಬೇಕೆಂದು ಕೇಳಿದ. ಪಕ್ಕದ ಮನೆಯವನ ಪಾತ್ರ ಸಿಕ್ಕಿತು: ಬಾಗಿಲು ತೆರೆದು, ನಾನೇನೂ ನೋಡಿಲ್ಲ ಎನ್ನಬೇಕು. ನೆರೀನಾ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿ ಕಳಿಸಿದಳು. ಸಿನಿಮಾದ ಉದ್ದ ಜಾಸ್ತಿಯಾಯಿತೆಂದು ಆಮೇಲೆ ಆ ದೃಶ್ಯವನ್ನೇ ಕತ್ತರಿಸಿದರು. ನಮಗ್ಯಾರಿಗೂ ಹೇಳಲಿಲ್ಲ.

ಥಿಯೇಟರಿನಲ್ಲಿ ದೀಪ ಹತ್ತುವವರೆಗೂ ನೆರೀನಾ ಕದಲದೆ ಕೂತಿದ್ದಳು. ಮುಖ ಬರಲೇ ಇಲ್ಲ. ಕೈ ಮಾತ್ರ ಎರಡು ಸಲ ಬಂತು. ಬಸ್ ನಿಲ್ದಾಣದಲ್ಲಿ ಉಬಾಲ್ದೊ ತಲೆ ತಗ್ಗಿಸಿ ನಿಂತಿದ್ದ.

"ಎರಡ್ನೇ ಕೊಲೆ ಚೆನ್ನಾಗಿ ಮಾಡಿದೀಯ," ಎಂದಳು ನೆರೀನಾ. "ಮೊದಲನೇದು ಸ್ವಲ್ಪ ಅವಸರ ಆಯ್ತು."

ಅವನು ಹೌದೆಂದು ಒಪ್ಪಿಕೊಂಡ.