ಹೆಮ್ಮಿಗೆಯ ಜಗಲಿಯಲ್ಲಿ ಸಮುದ್ರದ ಲೆಕ್ಕ

ಹೆಮ್ಮಿಗೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಿಂದುಶ್ರೀ ಜಗಲಿಯ ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಸೀಮೆಸುಣ್ಣದಲ್ಲಿ ಸಮೀಕರಣ ಬರೆಯುತ್ತಿದ್ದಾರೆ. ಕಾಗದದಲ್ಲಿ ಜಾಗ ಸಾಲುವುದಿಲ್ಲವಂತೆ. ತಾಯಿ ರುದ್ರಮ್ಮ ಬಕೆಟ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾರೆ. "ನಿನ್ ರಂಗೋಲಿ ಮುಗುದ್ರೆ ಎದ್ದೇಳವ್ವ, ನೆಲ ತೊಳೀಬೇಕು," ಎನ್ನುತ್ತಾರೆ. ಮಗಳು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಏಳುತ್ತಾರೆ. ಸಮುದ್ರದ ಮೇಲೆ ನೀರು ಬೀಳುತ್ತದೆ.

ಹೌದು, ಸಮುದ್ರವೇ. ಅದರ ದೊಡ್ಡ ದೊಡ್ಡ ಪ್ರವಾಹಗಳನ್ನು ವರ್ಣಿಸುವ ಸಮೀಕರಣಗಳನ್ನು ಎಷ್ಟು ನಂಬಬಹುದೆಂದು ಪರೀಕ್ಷಿಸುವುದು ಇವರ ಸಂಶೋಧನೆ. ಹೊಟ್ಟೆಪಾಡಿಗೆ ನಂಜನಗೂಡಿನ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಈ ಲೆಕ್ಕಕ್ಕೆ ಸಿಗುವುದು ಬೆಳಗಿನ ಬಸ್ಸಿಗೆ ಮುಂಚಿನ ಹೊತ್ತು ಮಾತ್ರ.

"ಸಮುದ್ರ ಸಾವಿರಾರು ಕಿಲೋಮೀಟರ್ ಅಗಲ, ಆಳ ಮಾತ್ರ ನಾಕೋ ಐದೋ. ಅಕ್ಕಿರೊಟ್ಟಿ ತಟ್ದಂಗೆ," ಎಂದು ವಿವರಿಸುತ್ತಾರೆ. "ಅದ್ಕೇ ನೀರು ಮೇಲೆ ಕೆಳಗೆ ಆಡೋದನ್ನ ಸರಳ ಮಾಡ್ಕೋತೀವಿ. ಆಮೇಲೆ ಎರಡು ಪ್ರಶ್ನೆ. ಇವತ್ತು ನೀರು ಹಿಂಗಿದೆ ಅಂದ್ರೆ, ಈ ಸಮೀಕರಣಕ್ಕೆ ಪರಿಹಾರ ಇದೆಯಾ? ಇದ್ರೆ ಒಂದೇನಾ? ಎರಡು ಬಂದ್ರೆ, ನಾಳೆ ಏನಾಗುತ್ತೆ ಅಂತ ಯಾವ ಕಂಪ್ಯೂಟರ್ ಹೇಳಿದ್ರೂ ನಂಬಂಗಿಲ್ಲ ಕಣ್ರೀ."

ಈ 'ಪರಿಹಾರ' ಊರಲ್ಲಿ ಮಾಡಿದ ಅವಾಂತರ ಕೇಳಿ. ಹೊಳೆ ಉಕ್ಕಿ ಗದ್ದೆ ಮುಳುಗಿದ ವರ್ಷ ಪಕ್ಕದ ಬೀದಿಯ ಪುಟ್ಟಬಸವಯ್ಯ ಪಹಣಿ, ಆಧಾರ್ ಹಿಡಿದು ಬಂದರು. ನೀರಿನ ಪರಿಹಾರ ನೋಡಿಕೊಳ್ಳುವ ಮೇಡಂ ಊರಲ್ಲೇ ಇದ್ದಾರೆಂದು ಯಾರೋ ಹೇಳಿದ್ದರು. "ನಂಗೇನ್ ಗೊತ್ತು ಸಾ," ಎಂದು ಅವರು ಈಗ ನಗುತ್ತಾರೆ. "ಪರಿಹಾರ ಅದಾ ಅಂದೆ. ಇದೆ, ಒಂದೇ ಅಂತ ಇನ್ನೂ ಸಾಧಿಸ್ಬೇಕು ಅಂದ್ಳು. ಒಂದೇ ಸಾಕು ಕಣವ್ವ ಅಂದೆ." ಬಿಂದುಶ್ರೀ ಅವರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದರಂತೆ.

ಸಮುದ್ರವನ್ನು ಸುತ್ತ ಗೋಡೆಯಿರುವ ತೊಟ್ಟಿಯೆಂದುಕೊಂಡರೆ ಪರಿಹಾರ ಒಂದೇ ಎಂದು ಬೇರೆಯವರು ಹಿಂದೆಯೇ ಸಾಧಿಸಿದ್ದಾರೆ. ಇಳಿಜಾರು ದಡದ ಸಮುದ್ರಕ್ಕೂ ಅದನ್ನು ಸಾಧಿಸಿದೆನೆಂದು ಬಿಂದುಶ್ರೀ ಬರೆದ ಪ್ರಬಂಧ ಕಳೆದ ವರ್ಷ ವಿದೇಶಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಸ್ವೀಕೃತವಾಯಿತು. ಕಾಯಂ ಹುದ್ದೆಯ ಸಂದರ್ಶನಕ್ಕೆ ಅದೊಂದೇ ಬಲ. ಅಚ್ಚಿಗೆ ಮುಂಚೆ ಕರಡು ಓದುವಾಗ ಒಂದು ಸಾಲಿನಲ್ಲಿ ಬೆರಳು ನಿಂತಿತು. ತೊಟ್ಟಿಯ ಲೆಕ್ಕದ ಅಭ್ಯಾಸಬಲದಿಂದ ಅಲ್ಲಿ ಆಳದಿಂದ ಭಾಗಿಸಿಬಿಟ್ಟಿದ್ದರು. ತೊಟ್ಟಿಯ ಗೋಡೆಯ ಬಳಿಯೂ ಆಳವಿರುತ್ತದೆ, ಇಳಿಜಾರು ದಡದಲ್ಲಿ ಆಳ ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದು ತರಗತಿಯಲ್ಲಿ ಗದರುವವರೂ ಇವರೇ.

"ತಲಕಾಡಿನ ಮರಳಲ್ಲಿ ನಡ್ಕೊಂಡೋಗಿ ಹೊಳೆಗಿಳ್ದು ಬೆಳೆದೋಳು ನಾನು. ಅಂಚಲ್ಲಿ ನೀರು ಇಲ್ಲದಂಗಾಗುತ್ತೆ ಅಂತ ಗೊತ್ತಿಲ್ವಾ? ನಾಚಿಕೆ ಆಗೋಯ್ತು."

ಪರಿಶೀಲಕರ ಕಣ್ಣಿಗೂ ಬೀಳದ ತಪ್ಪು ಅದು. ಆದರೂ ಅಂದೇ ಸಂಪಾದಕರಿಗೆ ಬರೆದು ಪ್ರಬಂಧ ಹಿಂದಕ್ಕೆ ಪಡೆದರು. ಸಂದರ್ಶನದ ಕರೆಯೂ ಬರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು ನಾನು ಕೇಳಿಯೇಬಿಟ್ಟೆ.

"ನಂಗೆ ತಿಳಿದೋಗಿತ್ತಲ್ಲ," ಎಂದರು. ಈಗ ಮತ್ತೆ ದಡದಿಂದಲೇ ಲೆಕ್ಕ ಶುರುವಾಗಿದೆ. ದಾರಿ ಇದೆ ಅನ್ನಿಸುತ್ತದೆಯಂತೆ, ಖಾತ್ರಿಯಿಲ್ಲ.

ಬಸ್ಸು ಹತ್ತುವ ಮುನ್ನ ಅವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ. "ಸಮುದ್ರದ ಲೆಕ್ಕ ಬಿಡಿಸ್ದೋಳು ಅಂತ ಪೇಪರಲ್ಲಿ ಬರೀಬೇಡಿ ಸಾರ್. ಬಿಡಿಸ್ತಾ ಅವಳೆ ಅಂತ ಬರೀರಿ."