ಮನೆ ಮುಂದೆ ನಿಂತು ಕೂಗುವ ಮಾತು
ಚಾಮರಾಜನಗರದ ನಮ್ಮ ಬೀದಿಯ ಸಿದ್ದಾರ್ಥ ಮೇಷ್ಟ್ರಿಗೆ ಭಾಷೆಗಳನ್ನು ಹೋಲಿಸದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ದಿನವೂ ಪಾಠ ಮಾಡಲು ಹೋಗುವ ಗುಂಡ್ಲುಪೇಟೆ ಬಸ್ಸಿನಲ್ಲಿ, ಪಕ್ಕ ಕೂತವರು ಕೇಳಲಿ ಬಿಡಲಿ, ಫಿಲಿಪೈನ್ಸಿನ ಸೆಬುವಾನೊವನ್ನೂ ಮಂಗೋಲಿಯನ್ನನ್ನೂ ಜೊತೆಗಿಟ್ಟು ತೂಗುತ್ತಾರೆ. ವ್ಯಾಕರಣದ ಗೊಡವೆ ಅವರಿಗಿಲ್ಲ. ಬೇರೆಯವರ ಮನೆ ಮುಂದೆ ನಿಂತು ಜನ ಏನೆಂದು ಕೂಗುತ್ತಾರೆ, ಅದಷ್ಟೇ ಬೇಕು. “ಸೆಬುವಾನೊದವ್ರು ‘ಆಯೋ’ ಅಂತಾರೆ, ಚೆನ್ನಾಗಿದ್ದೀರಾ ಅನ್ನೋ ಅಂಗೆ. ಮಂಗೋಲಿಯದವ್ರು ‘ನೊಖೋಯ್ ಖೋರ್’ ಅಂತಾರೆ, ನಾಯಿ ಇಡ್ಕಳಿ ಅಂತ!” ಎಂದು ಅವರು ಕೂಗಿ ತೋರಿಸಿದರೆ ತೆರಕಣಾಂಬಿ ಸ್ಟಾಪಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ಒಮ್ಮೆ ಈರುಳ್ಳಿ ವ್ಯಾಪಾರಿ ನೀಲಕಂಠಸ್ವಾಮಿ ತಡೆಯಲಾರದೆ, “ಅಲ್ಲ ಮೇಷ್ಟ್ರೇ, ಒಂದು ಸಮುದ್ರದ ಮಧ್ಯದ್ದು, ಇನ್ನೊಂದು ಸಮುದ್ರನೇ ಕಾಣದ್ದು. ಇವೆರಡಕ್ಕೂ ಒಂದೇ ಅನ್ನೋದು ಏನದೆ?” ಎಂದ. ಮೇಷ್ಟ್ರ ದನಿ ಅವತ್ತು ಮೊದಲ ಸಲ ತಗ್ಗಿತು. “ಎರಡ್ರಲ್ಲೂ ಕೂಗ್ದೋರ್ನ ಒಳಿಕ್ ಕರೀತಾರೆ ಕಣಣ್ಣ. ನಮ್ಮವ್ವ ಮರಿತಾಯಮ್ಮ ಮೇಲಿನ ಬೀದಿಯೋರ ಮನೆ ಮುಂದೆ ‘ಅವ್ವಾರೇ’ ಅಂತ ಕೂಗ್ಬುಟ್ಟು ಬಿಸಿಲಲ್ಲೇ ನಿಂತಿರೋಳು.” ನೆರೆಯವನಾದ ನನಗೆ ಅವರ ಮನೆ ಮುಂದೆ ನಿಂತು ಕೂಗುವ ಅವಕಾಶ ಇದುವರೆಗೂ ಸಿಕ್ಕಿಲ್ಲ. ಗೇಟು ಕಿರುಗುಟ್ಟಿದರೆ ಸಾಕು, ಓಡಿ ಬಂದು ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ.