ಒಲೆ ಕಾಣದ ಉಂಡಿ

ಮೈನುದ್ದೀನ ತೀರಿಕೊಂಡ. ಹೋದ ಸೋಮವಾರ ಸಂಜೆ, ಸುರಪುರದ ತನ್ನ ಮನೆಯಲ್ಲಿ, ಎದೆನೋವಿನಿಂದ. ಮಧ್ಯಾಹ್ನವೆಲ್ಲ ನಾನು ಅವನ ಜೊತೆಗೇ ಇದ್ದೆ. ನಾನು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವನು ಒಮ್ಮೆ ಫೋನು ಮಾಡಿದ್ದ, ಅದೇ ಕೊನೆ. ನಾನು ಭೀಮರಾಯನಗುಡಿ ಮುಟ್ಟುವಷ್ಟರಲ್ಲಿ ಸುದ್ದಿ ಬಂತು. ಮರುದಿನ ಮಣ್ಣು ಕೊಟ್ಟು ಬಂದೆವು.

ಸುರಪುರ, ರಂಗಂಪೇಟೆಯಲ್ಲಿ ಅವನನ್ನು ಫ್ರಿಜ್ ಮೈನುದ್ದೀನ ಎಂದೇ ಕರೆಯುತ್ತಿದ್ದರು. ಫ್ರಿಜ್, ಕೂಲರ್ ರಿಪೇರಿ ಅವನ ಕಸುಬು. ಆದರೆ ಮಣ್ಣು ಕೊಡಲು ಬಂದವರು ಮಾತಾಡಿದ್ದೆಲ್ಲ ಅವನ ಪುದೀನ ಉಂಡಿಯ ಬಗ್ಗೆ. ರಿಪೇರಿಯಾದ ಫ್ರಿಜ್ಜನ್ನು ಮನೆಗೆ ಮುಟ್ಟಿಸಿದ ಮೇಲೆ ಅವನು ಅಲ್ಲೇ ಕೂತು ಪುದೀನ ಬೆರೆಸಿದ ಚಾಕಲೇಟ್ ಉಂಡಿ ಮಾಡಿ ಒಳಗಿಡುತ್ತಿದ್ದ. ಉಂಡಿ ಗಟ್ಟಿಯಾದರೆ ಫ್ರಿಜ್ ಪಾಸು. ಮೊದಲನೆಯದನ್ನು ಮನೆಯ ಯಜಮಾನರೇ ಕಚ್ಚಿ ನೋಡಬೇಕು. "ಮೀಟರ್ ಸುಳ್ಳು ಹೇಳ್ತದ್ರಿ, ಚಾಕಲೇಟ್ ಹೇಳಂಗಿಲ್ಲ," ಎನ್ನುತ್ತಿದ್ದ.

ಈ ವಿದ್ಯೆ ಅವನಿಗೆ ಬಂದದ್ದು ಕಾಲುವೆ ತೋಡುತ್ತಿದ್ದ ಕಾಲದಲ್ಲಿ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಮ್ಮಪ್ಪ ಗುಮಾಸ್ತ, ಮೈನುದ್ದೀನ ಯಂತ್ರಗಳ ವಿಭಾಗದಲ್ಲಿ ಹೆಲ್ಪರ್. ಅವನೂ ನಾನೂ ಓರಗೆಯವರು. ಅಲ್ಲಿ ಇಂಜಿನಿಯರೊಬ್ಬರ ಮನೆಯ ಫ್ರಿಜ್ಜನ್ನು ಅವನು ಸರಿಪಡಿಸಿದಾಗ ಆ ಮನೆಯ ಅಮ್ಮ ಖುಷಿಯಿಂದ ಚಾಕಲೇಟ್ ಉಂಡಿ ಮಾಡಿ ಕೊಟ್ಟರು. ಅವರು ಹಾಕಿದ್ದು ಸಣ್ಣ ಬಾಟಲಿಯ ಪುದೀನ ಸತ್ವ. ಅಂಥ ಬಾಟಲಿ ಇವನಿಗೆಲ್ಲಿ ಸಿಗಬೇಕು? ಕಾಲುವೆಯ ಜಿನುಗು ನೀರಿಗೆ ಯಾರೋ ಹಚ್ಚಿದ್ದ ಪುದೀನವನ್ನೇ ಕಿತ್ತು ತಂದ. ತೊಳೆದ ಎಲೆಯನ್ನು ಹಸಿಹಸಿಯಾಗಿಯೇ ಜಜ್ಜಿ ಹಾಕಿದ್ದರಿಂದ ಮೊದಲ ಸಲ ಚಾಕಲೇಟೆಲ್ಲ ಮುದ್ದೆಗಟ್ಟಿ, ರಸ್ತೆಗೆ ಹಾಕಿ ಉಳಿದ ಡಾಂಬರಿನಂತೆ ಕೂತಿತು. ನಾವಿಬ್ಬರೂ ಅದನ್ನೂ ಬಿಡದೆ ತಿಂದೆವು.

ಆಮೇಲೆ ಅವನ ಕೈ ಕುದುರಿತು. ಪುದೀನವನ್ನು ನೆರಳಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಸಕ್ಕರೆಯ ಜೊತೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿದ ಹಸಿರು ಪುಡಿ ಒಂದು ಡಬ್ಬಿಯಲ್ಲಿ ಸದಾ ಇರುತ್ತಿತ್ತು. ಬೇಕರಿಯವರು ತರಿಸುವ ಇಟ್ಟಿಗೆಯಂಥ ಕಪ್ಪು ಚಾಕಲೇಟನ್ನು ಒಡೆದು, ಸ್ಟೀಲ್ ಡಬ್ಬಿಗೆ ಹಾಕಿ, ಮಾಳಿಗೆಯ ಮೇಲೆ ಬಿಸಿಲಿಗಿಡುವುದು. ನಮ್ಮ ಕಡೆಯ ಬಿಸಿಲಿಗೆ ಒಲೆಯ ಹಂಗಿಲ್ಲ. ಕರಗಿದ್ದಕ್ಕೆ ಬೆಣ್ಣೆ, ಹಸಿರು ಪುಡಿ, ಚಿಟಿಕೆ ಉಪ್ಪು ಹಾಕಿ ಕಲೆಸಿ ಫ್ರಿಜ್ಜಿಗೆ. ಬಿಗಿದ ಮೇಲೆ ತಣ್ಣನೆಯ ಗ್ಲಾಸನ್ನು ಹಿಡಿದು ಅಂಗೈಯ ಕಾವು ಇಳಿಸಿ, ಲಗುಲಗು ಉಂಡಿ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿ ಮತ್ತೆ ಒಳಗೆ. ಒಂದು ಹನಿ ನೀರು ತಾಗಬಾರದು. ಆದರೆ ತಿಂದ ಮೇಲೆ ಒಂದು ಗುಟುಕು ನೀರು ಕುಡಿಯಲೇಬೇಕು. ಪುದೀನದ ಬಾಯಿಗೆ ಕೊಡದೊಳಗಿನ ನೀರೂ ಮಂಜಿನಂತೆ ಇಳಿಯುತ್ತದೆ. ಅಲ್ಲಿಗೆ ಉಂಡಿ ತಿಂದದ್ದು ಪೂರ್ತಿಯಾಯಿತು ಎಂದು ಅವನ ಲೆಕ್ಕ.

ರಂಗಂಪೇಟೆಯ ಸಾಯಬಮ್ಮ ಈ ಉಂಡಿಯ ದೊಡ್ಡ ಗಿರಾಕಿ. ಎಮ್ಮೆ ಕಟ್ಟಿಕೊಂಡು ಒಬ್ಬಳೇ ಮನೆ ನಡೆಸಿದ ಗಟ್ಟಿ ಹೆಂಗಸು. ಕ್ಯಾಂಪಿನ ಕೆಲಸ ಮುಗಿದು ಮೈನುದ್ದೀನ ಸುರಪುರದಲ್ಲಿ ಅಂಗಡಿ ಹಾಕಿದಾಗ ಹೊಸಬನನ್ನು ನಂಬಿ ಮೊದಲ ಫ್ರಿಜ್ ಕೊಟ್ಟವಳು ಅವಳೇ. ತಾಯಿ ಇಲ್ಲದ ಅವನು ಅವಳನ್ನು ಯವ್ವಾ ಎಂದ. ಅವಳು ಅವನನ್ನು ಮೈನ್ಯಾ ಎಂದಳು. ಹೋದಾಗಲೆಲ್ಲ ರೊಟ್ಟಿ, ಬೆಣ್ಣೆ ಹಾಕದೆ ಕಳಿಸುತ್ತಿರಲಿಲ್ಲ. ಆದರೆ ಅವಳು ಪರರ ಮನೆಯ ನೀರು ಕುಡಿಯುವವಳಲ್ಲ. ಎಲ್ಲಿ ಹೋದರೂ ತನ್ನ ನೀರಿನ ಬಾಟಲಿ ಚೀಲದಲ್ಲಿ. ಅತ್ತೆಗೆ ಮಾತು ಕೊಟ್ಟೀನಿ, ಯಾರ ಮನೆಯಲ್ಲೂ ಮುಟ್ಟಂಗಿಲ್ಲ ಎನ್ನುತ್ತಿದ್ದಳು. ತಂಗಿಯ ಮನೆಯಲ್ಲಿ ಕುಡಿಯುತ್ತಿದ್ದಳು ಎಂಬುದು ನನಗೂ ಗೊತ್ತಿತ್ತು, ಮೈನುದ್ದೀನನಿಗೂ ಗೊತ್ತಿತ್ತು.

ಉಂಡಿಗೆ ಮಾತ್ರ ಅವಳು ದಾರಿ ಹುಡುಕಿಕೊಂಡಿದ್ದಳು. ಅವಳ ಅಡುಗೆಮನೆಯಲ್ಲಿ ಆ ಸಂವಾದವನ್ನು ನಾನು ಎಷ್ಟು ಸಲ ಕೇಳಿದ್ದೇನೋ.

"ಒಲಿ ಕಂಡಿಲ್ಲ, ನೀರು ಕಂಡಿಲ್ಲ. ಬೆಣ್ಣಿ ನಮ್ಮದು, ಫ್ರಿಜ್ ನಮ್ಮದು, ಬಿಸಿಲು ದೇವರದು. ಇದರಾಗ ನಿಂದೇನದನೋ ಮೈನ್ಯಾ?"

"ಕೈ ನಂದದ ಯವ್ವಾ."

"ತೊಳಕೊಂಡೀಯೋ ಇಲ್ಲೋ?"

"ತೊಳಕೊಂಡು ಒರಸೇನಿ. ಹಂಗಾರ ನಮ್ಮ ಮನಿಗಿ ಬಂದೂ ಒಂದು ತಿನ್ನು. ಮ್ಯಾಲ ಒಂದು ಗುಟುಕು ನೀರು ಕುಡಿ."

"ನಿಮ್ಮ ಮನಿ ಫ್ರಿಜ್ ಕೆಟ್ಟಿರ್ತದ. ದರ್ಜಿ ಅಂಗಿ ಹರಕ ಇರ್ತದಂತ."

"ದರ್ಗಾಕ್ಕ ಹರಕಿ ಹೊತ್ತು ಸಾಯಬಮ್ಮ ಅಂತ ಹೆಸರಿಟ್ಟಾರ. ಹೆಸರು ನಮ್ಮವರದು ನಡೀತದ, ನೀರು ನಡೆಯಂಗಿಲ್ಲ. ಯಾವ ನ್ಯಾಯ ಇದು?"

"ಹೆಸರು ನಮ್ಮಪ್ಪ ಇಟ್ಟಾನ. ಅವನ್ನ ಹೋಗಿ ಕೇಳು."

ಇಬ್ಬರೂ ನಗುತ್ತಿದ್ದರು. ಆದರೆ ಅವನ ಮದುವೆಯ ದಿನ ಸಾಯಬಮ್ಮ ಮದುಮಗಳು ಚಮನಬೀಗೆ ಸೀರೆ ಉಡಿಸಿ, ತಲೆ ಮುಟ್ಟಿ ಹರಸಿ, ಶರಬತ್ತಿನ ಗ್ಲಾಸನ್ನು ಹಾಗೇ ಇಟ್ಟು ಎದ್ದಾಗ ಅವನ ಮುಖ ನೋಡಿದವನು ನಾನು. ಆ ಗ್ಲಾಸನ್ನು ಅವನೇ ಎತ್ತಿ ಒಳಗೆ ಒಯ್ದ. ಮಕ್ಕಳ ಹೆಸರಿಡುವಾಗಲೂ ಅಷ್ಟೇ, ಹಬ್ಬಗಳಲ್ಲೂ ಅಷ್ಟೇ. ಅವನು ಕರೆಯುವುದನ್ನು ಬಿಡಲಿಲ್ಲ. ಚಮನಬೀ ಮಾತ್ರ ನಕ್ಕು ಬಿಡುತ್ತಿದ್ದಳು: "ಬಿಡ್ರಿ, ಯಾಕ ಹಟ ಮಾಡ್ತೀರಿ? ಆ ಅವ್ವ ನಮ್ಮ ಮನಿ ನೀರು ಕುಡಿದ ದಿನ ಕಾಲುವಿ ಉಲ್ಟಾ ಹರೀತದ."

ಈ ವರ್ಷ ಚಳಿಗಾಲದಲ್ಲಿ ಅವನ ಎದೆ ಕೈಕೊಟ್ಟಿತು. ಕಲಬುರಗಿಯ ಡಾಕ್ಟರು ಭಾರ ಎತ್ತಬಾರದು, ತಿರುಗಬಾರದು ಎಂದರು. ಅಂಗಡಿ ಬಂದಾಯಿತು, ರಿಪೇರಿಯ ಹತಾರಗಳೆಲ್ಲ ಮನೆಯ ಪಡಸಾಲೆಗೆ ಬಂದವು. ಮಾರ್ಚಿನ ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಸಾಯಬಮ್ಮನ ಫ್ರಿಜ್ ಕೆಟ್ಟಿತು. ಬೇರೆಯವರನ್ನು ಕರೆಸು ಎಂದು ಅಕ್ಕಪಕ್ಕದವರು ಹೇಳಿದರೂ ಕೇಳದೆ ಟಂಟಂ ಆಟೋದಲ್ಲಿ ಹೇರಿ ಅವನ ಮನೆಗೇ ಕಳಿಸಿದಳು. ಅವನು ಕುರ್ಚಿಯಲ್ಲಿ ಕೂತೇ ಸ್ವಲ್ಪ ಸ್ವಲ್ಪ ಕೆಲಸ ಮಾಡಿ ಮುಗಿಸಿದ. ಆ ಸೋಮವಾರ ಅವನನ್ನು ನೋಡಲು ಹೋದ ನನಗೆ ಹೇಳಿದ:

"ಮರಿಲಿಂಗ, ಆಟೋ ಮಾಡಕೊಂಡು ಹೋಗಿ ಯವ್ವನ್ನ ಕರಕೊಂಡು ಬಾ. ನಾ ಅಲ್ಲಿಗಿ ಹೋಗಂಗಿಲ್ಲ, ಆಕಿ ಇಲ್ಲಿಗಿ ಬಂದು ಪಾಸ್ ಮಾಡಬೇಕು. ಬೆಣ್ಣಿ ತರಾಕ ಹೇಳು."

"ಆಕಿ ತಿಂತಾಳೇನು ಇಲ್ಲಿ?"

"ಫ್ರಿಜ್ ಆಕಿದೇ ಅದ, ಅಲ್ಲೇನು?" ಎಂದ. ಕಣ್ಣಲ್ಲಿ ಹಳೆಯ ತುಂಟತನವಿತ್ತು. ಬೇಡುವ ಹಾಗೂ ಇತ್ತು.

ಸಾಯಬಮ್ಮ ಬಂದಳು. ಮೊಣಕಾಲು ಹಿಡಿದುಕೊಂಡು ಹೊಸ್ತಿಲು ದಾಟಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನು ಬಹಳ ಇಳಿದಿದ್ದ. ಆಮೇಲೆ ತನ್ನ ಎಂದಿನ ದನಿಯಲ್ಲಿ, "ಏನೋ, ಫ್ರಿಜ್ ರಿಪೇರಿ ಮಾಡಿದವನ್ನ ಯಾರು ರಿಪೇರಿ ಮಾಡಬೇಕು?" ಎಂದು ಬೆಣ್ಣೆಯ ಡಬ್ಬಿಯನ್ನು ಅವನ ಮುಂದಿಟ್ಟಳು.

ಚಮನಬೀ ಮಾಳಿಗೆಯಿಂದ ಚಾಕಲೇಟಿನ ಡಬ್ಬಿ ಇಳಿಸಿದಳು. ಅವನು ಕಲೆಸಿ ಫ್ರಿಜ್ಜಿನಲ್ಲಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು.

ಕೂಲರ್ ನಿಂತಿತು. ಕಾಯುವುದೇ ಕೆಲಸವಾಯಿತು. ಮನೆ ಕಾದ ಹಂಚಿನ ಹಾಗಾಯಿತು. ಸಾಯಬಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ನಡುವೆ ಅವನಿಗೂ ಬೀಸುತ್ತ, ತನ್ನ ಬಾಟಲಿಯಿಂದ ಗುಟುಕು ಗುಟುಕು ಕುಡಿದಳು. ಬಾಟಲಿ ಖಾಲಿಯಾದದ್ದನ್ನು ನಾವೆಲ್ಲ ನೋಡಿದೆವು. "ಮನಿಗಿ ಹೋಗಿ ಬರ್ತೀಯೇನು ಯವ್ವಾ?" ಎಂದು ಅವನೇ ಕೇಳಿದ. "ಪಾಸ್ ಮಾಡದ ಹೆಂಗ ಹೋಗಲಿ?" ಎಂದಳು.

ಕರೆಂಟು ಬಂದು, ಚಾಕಲೇಟು ಬಿಗಿದ ಮೇಲೆ ಅವನು ಉಂಡಿ ಕಟ್ಟತೊಡಗಿದ. ಒಂದು ಉಂಡಿ ದೊಡ್ಡದು, ಒಂದು ಸಣ್ಣದು, ಒಂದು ಕೈಯಿಂದ ಜಾರಿ ಕೋಕೋ ಪುಡಿ ಹರಡಿದ್ದ ಪರಾತದಲ್ಲಿ ಬಿತ್ತು.

"ಕೊಡು ಇಲ್ಲಿ, ನಾ ಕಟ್ತೀನಿ," ಎಂದು ಸಾಯಬಮ್ಮ ಕೈ ಚಾಚಿದಳು.

"ಬ್ಯಾಡ ಯವ್ವಾ. ಕೈ ಒಂದರ ನಂದಿರಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಉಂಡಿಗಳು ಮತ್ತೆ ಫ್ರಿಜ್ಜಿಗೆ ಹೋಗಿ, ಗಟ್ಟಿಯಾಗಿ ಹೊರಗೆ ಬಂದವು. ತಟ್ಟೆಯಲ್ಲಿದ್ದವುಗಳಲ್ಲಿ ಅತಿ ಸೊಟ್ಟಗಿದ್ದ ಒಂದನ್ನು ಆರಿಸಿ ಸಾಯಬಮ್ಮ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಕರಗಲು ಬಿಟ್ಟಳು. "ಫ್ರಿಜ್ ಪಾಸ್," ಎಂದಳು. ಮೈನುದ್ದೀನ ತಲೆಯಾಡಿಸಿದ. ಅಷ್ಟೇ ಸಿಗುವುದು ಎಂದು ಒಪ್ಪಿಕೊಂಡವನ ಹಾಗೆ ಕಾಣುತ್ತಿದ್ದ.

ಅವಳು ಖಾಲಿ ಬಾಟಲಿಯನ್ನು ಎತ್ತಿ ನೋಡಿದಳು. ಮೂಲೆಯ ಅಂಗಡಿಯಿಂದ ನೀರಿನ ಬಾಟಲಿ ತರೋಣವೆಂದು ನಾನು ಎದ್ದು ಚಪ್ಪಲಿ ಮೆಟ್ಟಿದೆ.

"ಎಲ್ಲಿ ಹೊಂಟಿ?"

"ನೀರು ತರ್ತೀನಿ, ಅವ್ವಾ."

"ಕುಂದ್ರು. ಈ ಮನ್ಯಾಗ ಕೊಡ ಇಲ್ಲೇನು?"

ಚಮನಬೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಗ್ಲಾಸು ತರಲು ತಿರುಗಿದಳು. ಮೈನುದ್ದೀನ ಅವಳಿಗೆ ಬೇಡವೆಂದು ಕೈ ಮಾಡಿ, ಕುರ್ಚಿ ಹಿಡಿದು ತಾನೇ ಎದ್ದ. ಗ್ಲಾಸು ತೊಳೆದ. ಮತ್ತೊಮ್ಮೆ ತೊಳೆದ. ಕೊಡದಿಂದ ತುಂಬಿ ಎರಡೂ ಕೈಯಿಂದ ಹಿಡಿದು ತಂದ. ಸಾಯಬಮ್ಮ ತುಟಿಗೆ ಹಚ್ಚದೆ, ಮೇಲಿನಿಂದ ಎತ್ತಿ ಕುಡಿಯುವವಳು. ಅಂದು ಗ್ಲಾಸನ್ನು ತುಟಿಗೆ ಹಚ್ಚಿ ಪೂರ್ತಿ ಕುಡಿದಳು.

"ಖರೇ ಹೇಳ್ತಿದ್ದಿ ನೋಡು," ಎಂದಳು. "ಎದಿತನಕ ತಣ್ಣಗಾತು."

ಮೈನುದ್ದೀನ ಖಾಲಿ ಗ್ಲಾಸು ಇಸಿದುಕೊಂಡು ನಿಂತೇ ಇದ್ದ. ಸಾಯಬಮ್ಮನೇ ಗದರಿದಳು: "ನಿಂತೀಯಲ್ಲ ಗರುಡಗಂಬದಂಗ. ಡಾಕ್ಟರ್ ಕುಂದ್ರು ಅಂದಿಲ್ಲೇನು?"

ಸಂಜೆ ಅವಳನ್ನು ರಂಗಂಪೇಟೆಗೆ ಬಿಟ್ಟು ಭೀಮರಾಯನಗುಡಿಗೆಂದು ಶಹಾಪುರದ ಬಸ್ಸು ಹತ್ತಿದೆ. ಕಾಲುವೆಯ ಸೇತುವೆ ಇನ್ನೇನು ಬರಬೇಕು, ಫೋನು ಬಂತು.

"ಎಲ್ಲಿದ್ದೀ ದೋಸ್ತ?"

"ಕಾಲುವಿ ಹತ್ರ."

"ಕಿಟಕ್ಯಾಗ ನೋಡು. ನೀರು ಯಾ ಕಡಿ ಹರಿಯಾಕತ್ತದ?"

ಬಗ್ಗಿ ನೋಡಿದೆ. ಹಿಂಗಾರಿಗೆ ಬಿಟ್ಟ ಕೊನೆಯ ನೀರು, ಅರ್ಧ ಕಾಲುವೆ, ಎಂದಿನಂತೆ ತನ್ನ ದಾರಿಯಲ್ಲಿ ಹೋಗುತ್ತಿತ್ತು.

"ಉಲ್ಟಾ," ಎಂದೆ.

ಅವನು ನಕ್ಕ. ಬಹಳ ದಿನದ ಮೇಲೆ ಆ ನಗೆ ಕೇಳಿದೆ, ಕ್ಯಾಂಪಿನ ಕಾಲದ ನಗೆ.

"ನಾ ಹೇಳಿದ್ರ ಈಕಿ ನಂಬಂಗಿಲ್ಲ. ನೀನ ಹೇಳು," ಎಂದು ಫೋನನ್ನು ಚಮನಬೀಯ ಕೈಗೆ ಕೊಟ್ಟ.